ತಿರುಗಿ ನೋಡಿ ಹೊರಟುಹೋದ ನೇರಿಯೊ

ನೇರಿಯೊ ಮಾಲಗೊಲಿಯನ್ನು ನಾನು ಹನ್ನೊಂದು ವರ್ಷ ಹತ್ತಿರದಿಂದ ಕಂಡಿದ್ದೇನೆ. ಸರಿಯಾಗಿ ಹೇಳಬೇಕೆಂದರೆ ಅವನ ಬೆನ್ನನ್ನು ಕಂಡಿದ್ದೇನೆ. ಭಾನುವಾರ ಕ್ರೋಚೆತ್ತಾ ಘಟ್ಟ ಹತ್ತುವಾಗ ಅವನು ಮುಂದೆ, ನಾವು ಹಿಂದೆ. ವಾರದ ಉಳಿದ ದಿನ ಅವನು ಬಚ್ಚಲುಮನೆಯ ಟೈಲ್ಸ್ ಮಾರುತ್ತಿದ್ದ. ಒಳ್ಳೆಯ ಟೈಲ್ಸೇ. ಆದರೆ ಆ ಕೆಲಸ ಹೇಳಿಕೊಳ್ಳಲು ಅವನಿಗೆ ನಾಚಿಕೆ. ನಲವತ್ತಾರನೆಯ ವಯಸ್ಸಿನಲ್ಲಿ ಕೆಂಪು ರೇಸ್ ಬೈಕು ಕೊಂಡು, ಹೊಟ್ಟೆಯನ್ನು ಚರ್ಮದ ಸೂಟಿನೊಳಗೆ ತುರುಕಿ, ಬೆನ್ನ ಮೇಲೆ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿಕೊಂಡ. ಅಂದಿನಿಂದ ಅವನು 'ಕಾಪೊ', ಅಂದರೆ ನಾಯಕ. ನಾವ್ಯಾರೂ ಅವನನ್ನು ಆರಿಸಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ, ಅದು ನಮ್ಮ ಹೇಡಿತನ.

ನಾವು ಆರು ಜನ. ಅಂಚೆ ಹಂಚುವ ಸಿಲ್ವಾನೊ, ಶಾಲಾ ಬಸ್ಸು ಓಡಿಸುವ ಮಿರೆಲ್ಲಾ, ಮಾತೇ ಆಡದ ಫೆರ್ರಿ ಅಣ್ಣತಮ್ಮಂದಿರು, ಟೈರು ಅಂಗಡಿ ಇಟ್ಟಿರುವ ನಾನು, ಲೋರಿಸ್. ಮತ್ತೆ ನೇರಿಯೊ. ನೇರಿಯೊ ನಮಗೆ ಎರಡು ನಿಯಮ ಮಾಡಿದ್ದ. ಒಂದು, ನಾಯಕನನ್ನು ಯಾರೂ ಹಿಂದೆ ಹಾಕಬಾರದು. ಎರಡು, ತಿರುವಿನಲ್ಲಿ ಯಾರೂ ನಿಲ್ಲಬಾರದು, ಹಿಂದೆ ಬಿದ್ದವರು ಘಟ್ಟದ ತುದಿಯಲ್ಲಿ ಕಾಫಿ ತಿಂಡಿ ಸಿಗುವ ಬಾರಿನಲ್ಲಿ ಬಂದು ಸೇರಿಕೊಳ್ಳಬೇಕು. "ಸುರಕ್ಷತೆ ಕಣ್ರೋ, ಸುರಕ್ಷತೆ," ಎನ್ನುತ್ತಿದ್ದ, ಪಾದ್ರಿ ಆಶೀರ್ವಾದ ಮಾಡಿದ ಹಾಗೆ ಕೈ ಎತ್ತಿ.

ಅವನ ಬಗ್ಗೆ ನನಗೆ ಮಾತ್ರ ಗೊತ್ತಿದ್ದ ಸಂಗತಿ ಒಂದಿತ್ತು. ತಿರುವಿನಲ್ಲಿ ಬೈಕನ್ನು ಚೆನ್ನಾಗಿ ವಾಲಿಸುವವನ ಟೈರು ಅಂಚಿನವರೆಗೂ ಸವೆಯುತ್ತದೆ. ಹೆದರುವವನ ಟೈರು ನಡುವೆ ಸವೆದು, ಎರಡು ಬದಿಯಲ್ಲಿ ಬೆರಳಗಲ ಹೊಸದಾಗಿಯೇ ಉಳಿಯುತ್ತದೆ. ನೇರಿಯೊನ ಟೈರು ಅಂಚಿನವರೆಗೂ ಸವೆದಿರುತ್ತಿತ್ತು. ಆದರೆ ಆ ಅಂಚಿನ ಸವೆತದ ಗೀರುಗಳು ಅಡ್ಡಡ್ಡ. ರಸ್ತೆ ಹಾಗೆ ಗೀರುವುದಿಲ್ಲ, ಉಪ್ಪುಕಾಗದ ಗೀರುತ್ತದೆ. ಐವತ್ತು ದಾಟಿದ ಗಂಡಸು ಶನಿವಾರ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಮಂಡಿಯೂರಿ ಕೂತು, ತನ್ನ ಟೈರಿನ ಅಂಚನ್ನು ತಾನೇ ಉಜ್ಜುತ್ತಿದ್ದ. ನಾನು ಒಂದು ಮಾತೂ ಆಡದೆ ಹೊಸ ಟೈರು ಹಾಕಿಕೊಡುತ್ತಿದ್ದೆ. ಗಿರಾಕಿ ತಾನೇ.

ನಮ್ಮಲ್ಲಿ ನಿಜವಾಗಿ ಬೈಕು ಓಡಿಸಲು ಬರುತ್ತಿದ್ದುದು ಮಿರೆಲ್ಲಾಗೆ. ಅವಳು ತಿರುವಿಗೆ ಬೈಕು ಹಾಕುವುದು ನೋಡಿದರೆ ನೀರು ಚರಂಡಿಗೆ ತಿರುಗಿದಷ್ಟು ಸಲೀಸು. ಆದರೂ ಹನ್ನೊಂದು ವರ್ಷ ನೇರಿಯೊನ ಹಿಂದೆಯೇ ಬಂದಳು. ಒಮ್ಮೆ ಅವಳು ಮುಂದೆ ಹೋಗಿದ್ದಕ್ಕೆ ಅವನು ಮೂರು ವಾರ ಯಾರ ಜೊತೆಯೂ ಮಾತಾಡಿರಲಿಲ್ಲ.

ಅಕ್ಟೋಬರಿನ ಆ ಭಾನುವಾರ ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ಸೇರಿದೆವು. ರಾತ್ರಿ ಮಳೆ ಬಂದು ನಿಂತಿತ್ತು.

"ಮೇಲೆ ಚೆಸ್ಟ್‌ನಟ್ ಮರದ ಎಲೆ, ಕಾಯಿಯ ಮುಳ್ಳುಸಿಪ್ಪೆ ಎಲ್ಲ ರಸ್ತೆ ತುಂಬಾ ಬಿದ್ದಿರುತ್ತೆ," ಎಂದಳು ಮಿರೆಲ್ಲಾ. "ನಿನ್ನೆ ಮಳೆಗೆ ಮುಂಚೇನೇ ಬಸ್ಸು ಜಾರ್ತಿತ್ತು. ಇವತ್ತು ಮೆಲ್ಲಗೆ ಹೋಗೋಣ."

"ಇಲ್ಲಿ ಸ್ಕೂಲ್ ಮಕ್ಕಳು ಯಾರೂ ಇಲ್ಲ ಕಣೇ," ಎಂದ ನೇರಿಯೊ. ಆಮೇಲೆ ಸಿಲ್ವಾನೊನ ಕಡೆ ತಿರುಗಿದ. "ನೀನು ನನ್ನ ಹಿಂದೇನೇ ಬಾ. ಕಾಗದ ಹಂಚೋಕೆ ಹೊರಟವನ ಹಾಗೆ ಮನೆ ಮನೆ ಮುಂದೆ ನಿಲ್ಲಬೇಡ ಮತ್ತೆ."

ಸಿಲ್ವಾನೊ ನಕ್ಕ. ಅವನು ಎಲ್ಲದಕ್ಕೂ ನಗುವ ಮನುಷ್ಯ. ಐವತ್ತೆಂಟಾಗಿತ್ತು, ಗೆಳೆಯರ ನಡುವೆ ಹಿಂದುಳಿದವನು ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ.

ಏಳನೇ ಹೇರ್‌ಪಿನ್ ತಿರುವಿನವರೆಗೆ ಏನೂ ಆಗಲಿಲ್ಲ. ಎಂಟನೆಯದರಲ್ಲಿ, ಮರಗಳ ನೆರಳಿನಲ್ಲಿ, ಸಿಲ್ವಾನೊನ ಮುಂದಿನ ಚಕ್ರ ಒದ್ದೆ ಎಲೆಯ ಮೇಲೆ ಹೋಯಿತು. ಬೈಕು ಮಲಗಿತು. ಅವನೂ ಬೈಕೂ ಒಟ್ಟಿಗೆ ಜಾರಿ ರಸ್ತೆಬದಿಯ ಕಬ್ಬಿಣದ ತಡೆಗೆ ಬಡಿದರು. ನಾನು ಅವನ ಹಿಂದೆಯೇ ಇದ್ದೆ.

ತಿರುವಿನ ಆಚೆ ತುದಿಯಲ್ಲಿ ನೇರಿಯೊನ ಬ್ರೇಕಿನ ದೀಪ ಹತ್ತಿತು. ಬೈಕು ನಿಂತಿತು. ಅವನು ಒಂದು ಕಾಲು ನೆಲಕ್ಕೆ ಊರಿ ಹಿಂದಕ್ಕೆ ತಿರುಗಿ ನೋಡಿದ. ನಮ್ಮ ನಡುವೆ ಮೂವತ್ತು ಹೆಜ್ಜೆಯೂ ಇರಲಿಲ್ಲ. ಸಿಲ್ವಾನೊ ಕೂಗುತ್ತಿದ್ದ. ನೇರಿಯೊ ಐದಾರು ಸೆಕೆಂಡು ಹಾಗೇ ನೋಡಿದ. ಆಮೇಲೆ ಮುಂದಕ್ಕೆ ತಿರುಗಿಕೊಂಡು ಗೇರು ಹಾಕಿ ಹೊರಟುಹೋದ.

ಅವನು ಸಹಾಯಕ್ಕೆ ಕರೆಯಲು ಹೋದನೆಂದೇ ನಾನು ತಿಳಿದೆ. ಮೇಲೆ ಬಾರ್ ಇದೆ, ಅಲ್ಲಿ ಟೆಲಿಫೋನ್ ಇದೆ, ನಾಲ್ಕು ನಿಮಿಷದ ದಾರಿ. ನಮ್ಮ ಮೊಬೈಲುಗಳಿಗೆ ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಮಿರೆಲ್ಲಾ ಹಿರಿಯ ಫೆರ್ರಿಯನ್ನು ತಿರುವಿನ ಕೆಳಗೆ ನಿಲ್ಲಿಸಿ ಬರುವ ವಾಹನಗಳಿಗೆ ಕೈ ತೋರಿಸಲು ಹೇಳಿದಳು. ಸಿಲ್ವಾನೊನ ತೊಡೆ ಮೂಳೆ ಮುರಿದಿತ್ತು. ಅದನ್ನು ತಿಳಿಯಲು ವೈದ್ಯರು ಬೇಕಿರಲಿಲ್ಲ, ಕಾಲು ಬಾಗಬಾರದ ಕಡೆ ಬಾಗಿತ್ತು.

"ಅಲುಗಾಡಬೇಡ," ಎಂದಳು ಅವನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು. "ನೇರಿಯೊ ಫೋನ್ ಮಾಡಿರ್ತಾನೆ. ಬರ್ತಾರೆ ಈಗ."

"ಕಾಪೊ ಬೈತಾನೆ ನನ್ನ," ಎಂದ ಸಿಲ್ವಾನೊ. ಆಗಲೂ ನಗಲು ನೋಡಿದ. ಆಮೇಲೆ ಹಲ್ಲು ಕಚ್ಚಿಕೊಂಡು ತಾಯಿಯನ್ನು ಕರೆದ.

ಹತ್ತು ನಿಮಿಷ ಕಾದೆವು. ಇಪ್ಪತ್ತಾಯಿತು. ಮಿರೆಲ್ಲಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಅರ್ಥವಾಯಿತು. ಕಿರಿಯ ಫೆರ್ರಿಯನ್ನು ಮೇಲಕ್ಕೆ ಓಡಿಸಿದೆವು. ಅವನು ಬಾರಿನಿಂದ ಫೋನ್ ಮಾಡಿ, ಕೆಳಗಿನಿಂದ ಆಂಬುಲೆನ್ಸ್ ಬರುವಷ್ಟರಲ್ಲಿ ಸಿಲ್ವಾನೊ ನೋವಿನಿಂದ ಮಾತು ನಿಲ್ಲಿಸಿದ್ದ.

ಅವನನ್ನು ಕರೆದುಕೊಂಡು ಹೋದ ಮೇಲೆ ನಾವು ಬಾರಿಗೆ ಹೋದೆವು. ನೇರಿಯೊ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದ. ಮುಂದೆ ಕರಿದ ಹಿಟ್ಟಿನ ನ್ಯೋಕ್ಕೊ, ಮೊರ್ತದೆಲ್ಲಾ ಮಾಂಸದ ಹೋಳುಗಳು. ಅದು ಎರಡನೇ ತಟ್ಟೆ, ಅರ್ಧ ತಿಂದಿದ್ದ. ಬಾರಿನ ದೆಸೊಲಿನಾ ಅಜ್ಜಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಹೊರಗೆ ಬಂದರು.

"ಅಯ್ಯೋ ಮಗಳೇ, ನನಗೇನು ಗೊತ್ತು," ಎಂದರು ಮಿರೆಲ್ಲಾಗೆ. "ಉಳಿದವರೆಲ್ಲಿ ಅಂತ ಕೇಳಿದೆ ಇವನನ್ನ. ಫೋಟೋ ತಗೋತಿದಾರೆ, ಬರ್ತಾರೆ ಅಂದ."

ಮಿರೆಲ್ಲಾ ಮೇಜಿನ ಮುಂದೆ ನಿಂತಳು. ಅವಳ ಕೈಗವಸಿನ ಮೇಲೆ ರಕ್ತ ಇತ್ತು.

"ಫೋನ್ ನಿನ್ನ ತಲೆ ಹಿಂದೇನೇ ಇದೆಯಲ್ಲೋ."

"ನೋಡು, ಎಲ್ರೂ ತಿರುವಲ್ಲೇ ನಿಂತರೆ ಹಿಂದಿನಿಂದ ಕಾರು ಬಂದು ಗುದ್ದುತ್ತೆ," ಎಂದ ನೇರಿಯೊ. "ಅದಕ್ಕೇ ಆ ನಿಯಮ ಮಾಡಿದ್ದು. ನಾನು ನೋಡಿದಾಗ ಅವನು ಏಳ್ತಾ ಇದ್ದ, ಆಣೆಗೂ."

"ಅವನು ಕೂಗ್ತಾ ಇದ್ದ," ಎಂದೆ ನಾನು.

"ಹೆಲ್ಮೆಟ್ ಒಳಗೆ ಏನು ಕೇಳುತ್ತೆ ಮಾರಾಯ?"

ಮಿರೆಲ್ಲಾ ಜಗಳ ಆಡಲಿಲ್ಲ. "ತಿನ್ನು, ಆರಿಹೋಗುತ್ತೆ," ಎಂದಳು ಅಷ್ಟೇ. ನಾವು ಹೊರಟು ಬಂದೆವು. ಅವನು ನಿಜವಾಗಿಯೂ ಉಳಿದದ್ದನ್ನು ತಿಂದನಂತೆ. ದೆಸೊಲಿನಾ ಅಜ್ಜಿ ಆಮೇಲೆ ಹೇಳಿದರು.

ನವೆಂಬರಿನಲ್ಲಿ ಅವನು ನನ್ನ ಅಂಗಡಿಗೆ ಬಂದ. ಬೈಕಿನಲ್ಲಿ ಅಲ್ಲ, ಟೈಲ್ಸ್ ಸಾಗಿಸುವ ವ್ಯಾನಿನಲ್ಲಿ. ಸ್ವಲ್ಪ ಹೊತ್ತು ಆ ಟೈರು ಈ ಟೈರು ಮುಟ್ಟಿ ನೋಡಿದ.

"ನಿನಗೆ ಮಾತ್ರ ಹೇಳ್ತೀನಿ ಲೋರಿಸ್. ನನಗೆ ಪ್ರತಿ ತಿರುವಲ್ಲೂ ಭಯ ಕಣೋ. ಮೊದಲ ದಿನದಿಂದಲೂ. ಅವನ ಕಾಲು ಹಾಗೆ ಬಾಗಿದ್ದು ನೋಡಿದೆನಲ್ಲ, ನನ್ನ ಕೈ ತಾನಾಗೇ ಬೈಕು ಓಡಿಸಿಬಿಡ್ತು."

"ಅಷ್ಟು ಭಯ ಇದ್ದವನು ಮುಂದೆ ಯಾಕೆ ಹೋಗ್ತಿದ್ದೆ?"

"ನಾನು ಮುಂದಿದ್ರೆ ನೀವೆಲ್ಲ ನನ್ನ ವೇಗಕ್ಕೇ ಬರಬೇಕಲ್ಲ," ಎಂದ.

ಅವನ ಕಣ್ಣಲ್ಲಿ ನೀರಿತ್ತು. ಒಬ್ಬ ಮನುಷ್ಯ ಎದುರಿಗೆ ನಿಂತು ಹೀಗೆ ನಿಜ ಹೇಳಿದರೆ ಕರುಣೆ ಬರಬೇಕು. ನನಗೆ ಬರಲಿಲ್ಲ. ಭಯ ಯಾರಿಗಿಲ್ಲ? ಆ ತಿರುವಿನಲ್ಲಿ ನನಗೂ ಇತ್ತು, ಆದರೂ ಬೈಕಿನಿಂದ ಇಳಿದೆ. "ಇದನ್ನ ಸಿಲ್ವಾನೊಗೆ ಹೋಗಿ ಹೇಳು," ಎಂದೆ. ಅವನು ಕಣ್ಣೊರೆಸಿಕೊಂಡು ಹೋದ.

ಆಸ್ಪತ್ರೆಗೆ ಹೋದದ್ದೇನೋ ನಿಜ. ಕೇಕಿನ ಡಬ್ಬಿ ಹಿಡಿದುಕೊಂಡು ಹೋಗಿ, ಫೋನ್ ಸಿಗ್ನಲ್ ಹುಡುಕಲು ತಾನು ಘಟ್ಟವೆಲ್ಲ ಅಲೆದದ್ದಾಗಿ ಹೇಳಿ ಬಂದ. ಸಿಲ್ವಾನೊನ ಹೆಂಡತಿ ಆ ಡಬ್ಬಿಯನ್ನು ಅವನ ಕಣ್ಣೆದುರೇ ನರ್ಸುಗಳಿಗೆ ಕೊಟ್ಟಳು.

ಚಳಿಗಾಲ ಕಳೆಯುವಷ್ಟರಲ್ಲಿ ನೇರಿಯೊ ಬೈಕು ಮಾರಿದ. ಸೊಂಟ ನೋವು ಎಂದು ಊರಿಗೆಲ್ಲ ಹೇಳಿದ. ಬೈಕು ಹೋದರೂ ಅವನ ನಾಯಕತ್ವ ಹೋಗಲಿಲ್ಲ. ಊರಿನ ಬೈಕು ಕ್ಲಬ್ಬಿಗೆ ಅಧ್ಯಕ್ಷನಾದ. ಆ ಜಾಗಕ್ಕೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಏಪ್ರಿಲಿನಲ್ಲಿ ಪುರಸಭೆಯ ಸಭಾಂಗಣದಲ್ಲಿ 'ಗುಂಪು ಸವಾರಿಯಲ್ಲಿ ಸುರಕ್ಷತೆ' ಎಂದು ಭಾಷಣ ಇಟ್ಟುಕೊಂಡ. ನಾವು ಹೋದೆವು. ಎರಡು ಊರುಗೋಲಿನ ಮೇಲೆ ಸಿಲ್ವಾನೊನೂ ಬಂದ, ಬೇಡವೆಂದರೂ ಕೇಳಲಿಲ್ಲ.

"ಬಿದ್ದ ಗೆಳೆಯನನ್ನು ಎಂದಿಗೂ ಬಿಟ್ಟು ಹೋಗಬಾರದು," ಎಂದ ನೇರಿಯೊ ಮೈಕಿನಲ್ಲಿ.

ನಾನು ಎದ್ದು ನಿಂತೆ. ಹನ್ನೊಂದು ವರ್ಷದಲ್ಲಿ ಜನರೆದುರು ಅವನ ಮಾತಿನ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು. "ಎಂಟನೇ ತಿರುವಲ್ಲಿ ನೀನು ಬೈಕು ನಿಲ್ಲಿಸಿ, ತಿರುಗಿ ನೋಡಿ, ಬಿಟ್ಟು ಹೋದೆ. ಹೋಗಿ ತಿಂಡಿ ತಿಂದೆ. ಅದನ್ನೂ ಹೇಳು ಇವರಿಗೆ."

ನೇರಿಯೊ ನೀರು ಕುಡಿದ. "ಅಪಘಾತ ಕಂಡವರ ಮನಸ್ಸಿಗೆ ಎಂಥ ಆಘಾತ ಆಗುತ್ತೆ ನೋಡಿ," ಎಂದ ಜನರ ಕಡೆ ತಿರುಗಿ, ಮೆಲ್ಲನೆ, ಮರುಕದಿಂದ. "ಇಂಥವರಿಗೆ ನಮ್ಮ ಬೆಂಬಲ ಬೇಕು." ಜನ ಚಪ್ಪಾಳೆ ತಟ್ಟಿದರು. ಅವನ ಅಂಗಡಿಯ ಟೈಲ್ಸ್ ಹಾಕಿಸಿಕೊಂಡ ಜನ, ಒಬ್ಬೊಬ್ಬರೂ ತಟ್ಟಿದರು.

ನಾನು ಸಿಟ್ಟಿನಿಂದಲೇ ಹೊರಗೆ ಬಂದೆ. ಸಿಲ್ವಾನೊ ಊರುಗೋಲನ್ನು ಗೋಡೆಗೆ ಒರಗಿಸಿ ನನ್ನ ಹೆಗಲು ಹಿಡಿದುಕೊಂಡ.

"ನೀನು ಎದ್ದು ನಿಂತೆಯಲ್ಲೋ, ನನಗೆ ಅಷ್ಟು ಸಾಕು," ಎಂದ. ಆ ಸಲ ಅವನು ನಗಲಿಲ್ಲ.

ಜೂನಿನಲ್ಲಿ ಮಿರೆಲ್ಲಾ ಸಿಲ್ವಾನೊನನ್ನು ತನ್ನ ಹಿಂದೆ ಕೂರಿಸಿಕೊಂಡು ಘಟ್ಟ ಹತ್ತಿಸಿದಳು. ನೇರಿಯೊ ಈಗಲೂ ಅಧ್ಯಕ್ಷನೇ. ಬೀದಿಯಲ್ಲಿ ಸಿಕ್ಕಾಗ ನನಗೆ ಕೈ ಎತ್ತುತ್ತಾನೆ. ನಾನು ಎತ್ತುವುದಿಲ್ಲ.