ಚೀಟಿಯ ಮೇಲಿನ ಜಬಡಾ

ನಿಜಾಮರ ಆಳ್ವಿಕೆ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ಹೈದರಾಬಾದಿನಲ್ಲಿ ಕಾಲೇಜು ಮುಚ್ಚಿದ್ದರಿಂದ ನಾನು ಅದಕ್ಕೂ ಮೊದಲೇ ಶಹಾಪುರದ ಮನೆಗೆ ಬಂದಿದ್ದೆ. ಅಪ್ಪ ತಹಶೀಲ ಕಚೇರಿಯ ಗುಮಾಸ್ತರು. ನಿಜಾಮರ ಪರವಾಗಿದ್ದರೆಂದು ಅದೇ ಕಚೇರಿಯ ಇಬ್ಬರನ್ನು ವಿಚಾರಣೆಗೆ ಕರೆದೊಯ್ದ ಹೊಸ ಸರ್ಕಾರದ ಸಿಪಾಯಿಗಳು ಅವರನ್ನು ಇನ್ನೂ ಬಿಟ್ಟಿರಲಿಲ್ಲ. ಬಾಗಿಲು ಬಡಿದರೆ ಅಪ್ಪ ಮೊದಲು ಅಂಗಿ ಹಾಕಿಕೊಳ್ಳುತ್ತಿದ್ದರು, ಹೊರಟವರ ಹಾಗೆ.

ನನ್ನ ಟ್ರಂಕಿನ ತಳದಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ದವಡೆ ಇತ್ತು. ಗೋದಾವರಿ ಕಣಿವೆಯ ಕೆಂಪು ಜೇಡಿಮಣ್ಣಿನಲ್ಲಿ ನಮ್ಮ ತರಗತಿಗೆ ಸಿಕ್ಕದ್ದು; ಟ್ರಯಾಸಿಕ್ ಕಾಲದಲ್ಲಿ ಬದುಕಿ ಕುಲವೇ ಅಳಿದುಹೋದ ಒಂದು ಸರೀಸೃಪದ್ದು. ಕೋಟ್ಯಂತರ ವರ್ಷ ಹಳೆಯದು, ಕಲ್ಲಾಗಿತ್ತು. ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ ಚೀಟಿಯನ್ನೂ ಉರ್ದುವಿನಲ್ಲೇ ಬರೆದಿದ್ದೆ: ಜಬಡಾ, ಗೋದಾವರಿ. ಜಬಡಾ ಎಂದರೆ ದವಡೆ.

ಒಂದು ಮುಂಜಾನೆ ಆಯುಧ ಹುಡುಕುತ್ತ ಮೂವರು ಸಿಪಾಯಿಗಳು ಬಂದರು. ಕಾಗದ ಓದಲು ಸುರಪುರದ ಒಬ್ಬ ಗುಮಾಸ್ತನನ್ನು ಕರೆತಂದಿದ್ದರು. ಅವನು ಟ್ರಂಕಿನಿಂದ ಗಂಟು ತೆಗೆದ, ಬಿಚ್ಚಿದ, ಚೀಟಿ ಓದಿದ.

"ಎಲುಬು ಐತ್ರಿ ಇದು. 'ಜಬರನ್' ಅಂತ ಬರದಾರ. ಜುಲುಮಿಲೆ ತಗೊಂಡದ್ದು. ಯಾರ ಎಲುಬ್ರಿ, ಮುನ್ಶಿ ಸಾಹೇಬ್ರ?"

ಅಪ್ಪ ಅಂಗಿಯ ಕೊನೆಯ ಗುಂಡಿ ಹಾಕಿಕೊಂಡರು. ಒಬ್ಬ ಸಿಪಾಯಿ ಅವರ ರಟ್ಟೆ ಹಿಡಿದ. ತಪ್ಪು ನನ್ನದು. ಅವಸರದಲ್ಲಿ ಉರ್ದು 'ಡ'ಕಾರದ ನೆತ್ತಿಯ ಗುರುತು ಹಾಕಿರಲಿಲ್ಲ. ಅದಿಲ್ಲದಿದ್ದರೆ 'ಡ' 'ರ' ಆಗುತ್ತದೆ; ಜಬಡಾ, ಜಬರನ್ ಎರಡೂ ಒಂದೇ ಥರ ಕಾಣುತ್ತವೆ.

ಊರಿನಲ್ಲಿ ಪರಪುರುಷರೆದುರು ನಾನು ಅದುವರೆಗೆ ಮಾತಾಡಿರಲೇ ಇಲ್ಲ. "ಜಬರನ್ ಅಲ್ಲರಿ, ಜಬಡಾ. ದವಡಿ. ಪ್ರಾಣೀದು," ಎಂದೆ.

"ಮಗಳು ಈಗ ತಿದ್ದಾಕತ್ಯಾಳ್ರಿ," ಎಂದು ಗುಮಾಸ್ತ ನಕ್ಕ.

ಗೋಡೆಯಾಚೆ ಕುರಿ ಸಾಕುವವರ ಮನೆ. ಅಲ್ಲಿಯ ಆಯಿ ಆಗಲೇ ನಮ್ಮ ಅಂಗಳಕ್ಕೆ ಬಂದಿದ್ದಳು. ಸಂತೆಯಲ್ಲಿ ಕುರಿಯ ಬಾಯಿ ತೆರೆದು, ಹಲ್ಲು ನೋಡಿ ವಯಸ್ಸು ಹೇಳುವವಳು. ದವಡೆಯನ್ನು ಗುಮಾಸ್ತನ ಕೈಯಿಂದ ಕಿತ್ತುಕೊಂಡು ಹೆಬ್ಬೆರಳು ಆಡಿಸಿದಳು. ನಡುವೆ ಒಂದು ತೋಡು, ಅದರ ಎರಡೂ ಬದಿಗೆ ಸಾಲುಸಾಲು ಮೊಂಡು ಹಲ್ಲು.

"ಏ ತಮ್ಮಾ, ನಿನ್ನ ಬಾಯಾಗ ಹಿಂಗ ನಾಕ್ ಸಾಲು ಅದಾವೇನು? ತಗಿ ನೋಡೂಣು."

ಅವನು ಬಾಯಿ ಮುಚ್ಚಿಕೊಂಡ.

"ಕೋರಿ ಹಲ್ಲಿಲ್ಲ. ಅರದ್ ಅರದ್ ಸವದಾವ. ಇದು ಗಿಡಾ ಗಂಟಿ ತಿಂದ ಬದುಕಿದ್ದು. ನಿನಗ ಓದಾಕ ಬರ್ತದ, ಹಲ್ಲು ನೋಡಾಕ ಬರಂಗಿಲ್ಲ."

ತರಗತಿಯಲ್ಲಿ ನಾವು ತಿಂಗಳುಗಟ್ಟಲೆ ಕಲಿತದ್ದೂ ಅಷ್ಟೇ: ಸವೆತ ನೋಡಿ ತಿಂದದ್ದನ್ನು ಹೇಳುವುದು. ರಟ್ಟೆ ಹಿಡಿದಿದ್ದ ಸಿಪಾಯಿ ದವಡೆಯನ್ನು ಬೆಳಕಿಗೆ ಹಿಡಿದು ನೋಡಿದ, ನಾಲಿಗೆಯಿಂದ ತನ್ನ ಹಲ್ಲು ಮುಟ್ಟಿಕೊಂಡ, ಅಪ್ಪನ ರಟ್ಟೆ ಬಿಟ್ಟ.

ಅವರು ಹೋದ ಮೇಲೆ ಅಪ್ಪ ಮನೆಯಲ್ಲಿದ್ದ ಉರ್ದು ಕಾಗದಗಳನ್ನೆಲ್ಲ ಒಲೆಗೆ ಹಾಕಿದರು, ಆ ಚೀಟಿಯನ್ನೂ. ಎಲ್ಲಿ ಸಿಕ್ಕಿತೆಂದು ಬರೆಯದ ಎಲುಬು ಬರೀ ಕಲ್ಲು ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಸಂಜೆ ಕನ್ನಡದಲ್ಲಿ ಹೊಸ ಚೀಟಿ ಬರೆದೆ. 'ದವಡೆ, ಗೋದಾವರಿ' ಎಂದು ಬರೆದು, ಓದಲು ಅಪ್ಪನಿಗೆ ಕೊಟ್ಟೆ. ಅವರು ಮೂರು ಸಲ ಓದಿದರು. ಅಂಗಿ ಇನ್ನೂ ಬಿಚ್ಚಿರಲಿಲ್ಲ.