ಗೌರಮ್ಮನವರ ಗೆರೆಯಾಟದ ಪೆಟ್ಟಿಗೆ

ಕರೆಂಟಿನ ಕೆಲಸಕ್ಕೆ ಕೂತರೆ ಗೌರಮ್ಮನವರು ಎಡಗೈಯನ್ನು ಬೆನ್ನ ಹಿಂದೆ ಒಯ್ದು ಸೊಂಟದ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಲಗೈಯೊಂದೇ ಒಳಗೆ ಹೋಗಬೇಕು. "ಎರಡು ಕೈಲೂ ಮುಟ್ಟಿದ್ರೆ ಕರೆಂಟು ಎದೆ ಹಾದೇ ಹೋಯ್ತದೆ ಕಣಮ್ಮ" ಎನ್ನುತ್ತಿದ್ದರು, ಸಾರಿಗೆ ಉಪ್ಪು ಸಾಲದು ಎಂಬಷ್ಟು ಸಲೀಸಾಗಿ.

ಕುಂಬಾರಕೊಪ್ಪಲಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ. ಅವರು ಹೂಟಗಳ್ಳಿಯ ಒಂದು ಟಿವಿ ಕಾರ್ಖಾನೆಯಲ್ಲಿ ಪಿಕ್ಚರ್ ಟ್ಯೂಬ್ ಕೂರಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಕಾರ್ಖಾನೆ ಮುಚ್ಚಿತು. ಯಾರೋ ಇಂಜಿನಿಯರು ಹೊರದೇಶದಿಂದ ತಂದು ಮೂಲೆಗೆ ಹಾಕಿದ್ದ ಹಳೆಯ ವಿಡಿಯೋ ಗೇಮೊಂದನ್ನು ಗೌರಮ್ಮ ಕೇಳಿ ತಂದರು. ಅದಕ್ಕೆ ತನ್ನದೇ ಪುಟ್ಟ ಪರದೆ. ಟಿವಿಯಂತೆ ಚಿತ್ರ ತುಂಬುವುದಿಲ್ಲ; ಕಪ್ಪಿನ ಮೇಲೆ ಬೆಳ್ಳಗೆ ಉರಿಯುವ ಗೆರೆಗಳನ್ನಷ್ಟೇ ಎಳೆಯುತ್ತದೆ.

ಅದು ಅಟ್ಟದಲ್ಲೇ ಉಳಿಯುತ್ತಿತ್ತೇನೋ. ಆದರೆ ಅವರ ಯಜಮಾನರು ಬಸವರಾಜಪ್ಪನವರಿಗೆ ಲಕ್ವ ಹೊಡೆಯಿತು. ಸಿಟಿ ಬಸ್ಸು ಓಡಿಸುತ್ತಿದ್ದವರು, ಬಲಗೈ ಬಿದ್ದುಹೋಯಿತು. ಕೈಗೆ ಕೆಲಸ ಕೊಡುತ್ತಲೇ ಇರಿ ಎಂದರು ಡಾಕ್ಟರು. ರಬ್ಬರ್ ಚೆಂಡು ಹಿಸುಕಲು ಯಜಮಾನರು ಒಪ್ಪಲಿಲ್ಲ. ಗೌರಮ್ಮ ಗೇಮನ್ನು ಕೆಳಗಿಳಿಸಿದರು.

ಅದರ ಪ್ಲಾಸ್ಟಿಕ್ ಮೈ ಒಡೆದಿತ್ತು. ಅದನ್ನು ಬಿಚ್ಚಿ, ಹಳೆಯ ಬೀರುವಿನ ಹಲಗೆಗಳಿಂದ ಎದೆಯೆತ್ತರದ ಪೆಟ್ಟಿಗೆ ಕಟ್ಟಿದರು. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಪರದೆ ನೇರ. ಹಿಡಿಗೆ ಲಟ್ಟಣಿಗೆಯ ತುದಿ, ಗುಂಡಿಗಳ ಜಾಗಕ್ಕೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು.

ನನಗೆ ಮಾತ್ರ ಆ ಪೆಟ್ಟಿಗೆ ಕಂಡರೆ ಭಯ. ಪ್ಲಗ್ ಕಿತ್ತ ಮೇಲೂ ಟ್ಯೂಬಿನೊಳಗೆ ಕರೆಂಟು ಕೂತಿರುತ್ತದಂತೆ. "ಕಾರ್ಖಾನೇಲಿ ನಮ್ಮ ಲೈನಲ್ಲಿ ಒಬ್ಳು, ಆಫ್ ಮಾಡಿದೀನಲ್ಲ ಅಂತ ಕೈ ಹಾಕ್ಬುಟ್ಲು. ಆಮೇಲೆ ಕೆಲ್ಸಕ್ಕೇ ಬರ್ಲಿಲ್ಲ" ಎಂದಿದ್ದರು ಗೌರಮ್ಮ.

ಆಟ ಯಜಮಾನರಿಗೆ ಹಿಡಿಸಿತು. ಪರದೆಯ ಮೂರು ಗೆರೆಯ ವಿಮಾನವನ್ನು 'ನನ್ನ ಬಸ್ಸು' ಎನ್ನುತ್ತಿದ್ದರು. "ಲೇ ಗೌರಿ, ಗುದ್ಬುಟ್ಟೆ ಕಣೇ!" ಎಂಬ ಅವರ ಕೂಗು ಗೋಡೆ ದಾಟಿ ಬರುತ್ತಿತ್ತು. ಬೆರಳುಗಳು ಮೆಲ್ಲಗೆ ಮಡಚತೊಡಗಿದವು. ಸ್ಪರ್ಶ ಮಾತ್ರ ಮರಳಲಿಲ್ಲ.

ಒಂದು ಸಂಜೆ ಗೌರಮ್ಮನೂ ನಾನೂ ತರಕಾರಿ ತಂದು ಒಳಗೆ ಬಂದರೆ, ಪೆಟ್ಟಿಗೆಯ ಹಿಂಬಾಗಿಲು ತೆರೆದಿತ್ತು. ಪರದೆಯಲ್ಲಿ ಗೆರೆ ಹೋಗಿ ಬರೀ ಚುಕ್ಕೆ ನಿಂತಿತ್ತಂತೆ. ಯಜಮಾನರು ಸ್ವಿಚ್ ಆರಿಸಿ, ವೈರು ಸಡಿಲವಾಗಿರಬೇಕೆಂದು, ಹೆಂಡತಿ ಮಾಡುವಂತೆ ಬಲಗೈಯನ್ನೇ ಒಳಗೆ ತೂರಿಸಿದ್ದರು. ಕೈ ಮೊಣಕೈವರೆಗೆ ಒಳಗಿತ್ತು.

ನನ್ನ ಬಾಯಿಂದ ಕೂಗು ಹೊರಡುವ ಮೊದಲೇ ಗೌರಮ್ಮ ನನ್ನ ಬಾಯಿ ಮುಚ್ಚಿದರು.

"ರೀ, ಅಲ್ಲಾಡಿಸ್ಬೇಡಿ. ಬೆರಳು ಏನಕ್ಕಾರ ತಗುಲ್ತಾ ಅವಾ?"

"ಬೆರಳು ಎಲ್ಲವೆ ಅಂತ್ಲೇ ಗೊತ್ತಾಯ್ತಿಲ್ಲ ಕಣೇ."

ಗೌರಮ್ಮ ಪ್ಲಗ್ ಕಿತ್ತು, ಟಾರ್ಚ್ ಹಾಕಿ ಒಳಗೆ ಇಣುಕಿದರು. ಆಮೇಲೆ ಯಜಮಾನರ ಮೈ ಮುಟ್ಟದೆ, ಅಂಗಿಯ ತೋಳನ್ನಷ್ಟೇ ಹಿಡಿದು, ಎಳೆಗೂಸನ್ನು ತೊಟ್ಟಿಲಿನಿಂದ ಎತ್ತುವಂತೆ ಆ ಕೈಯನ್ನು ಹೊರತಂದರು. "ಕಾಫಿ ಕುಡೀತೀರಾ?" ಎಂದು ಕೇಳಿ ಒಳಗೆ ಹೋದರು. ನಾನು ತರಕಾರಿ ಚೀಲ ಹಿಡಿದುಕೊಂಡೇ ನಿಂತಿದ್ದೆ. ಮರುದಿನ ಪೆಟ್ಟಿಗೆಯ ಹಿಂಬಾಗಿಲಿಗೆ ಬೀಗ ಬಿತ್ತು.

ಯಜಮಾನರು ತೀರಿಕೊಂಡ ಮೇಲೆ ಹಾಸನದ ಮಗಳು ತಾಯಿಯನ್ನು ಕರೆದೊಯ್ಯಲು ಬಂದಳು. ಹೊರಡುವ ಬೆಳಗ್ಗೆ ಗೌರಮ್ಮ ನನ್ನನ್ನು ಕರೆದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

"ಪೆಟ್ಟಿಗೆ ಬಿಚ್ಚಬೇಕು ಕಣಮ್ಮ. ಗುಜರಿಯೋನು ಗೊತ್ತಿಲ್ದೆ ಕೈ ಹಾಕ್ಬುಡ್ತಾನೆ. ನನ್ಗೆ ಪೊರೆ ಬಂದು ಕಣ್ಣು ಮಂಜು. ನೀನೇ ಮಾಡು."

"ಅಕ್ಕಾ, ನನ್ನ ಕೈಲಾಗಲ್ಲ."

ಅವರು ಬಿಡಲಿಲ್ಲ. ಒಳಗೆ ಕೂತ ಕರೆಂಟು ಇಳಿಸಲು ಸ್ಕ್ರೂಡ್ರೈವರಿಗೆ ವೈರು ಕಟ್ಟಿ, ಅದರ ಇನ್ನೊಂದು ತುದಿಯನ್ನು ಒಳಗಿನ ತಗಡಿಗೆ ಸಿಕ್ಕಿಸಿ ನನ್ನ ಕೈಗಿತ್ತರು. ಟ್ಯೂಬಿನ ಮೇಲಿನ ರಬ್ಬರ್ ಟೋಪಿಯ ಕೆಳಗೆ ತುದಿ ತೂರಿಸಬೇಕು. ನನ್ನ ಮಣಿಕಟ್ಟನ್ನು ಅವರು ಹಿಡಿದುಕೊಂಡರು. ಪಟ್ ಎಂದು ನೀಲಿ ಕಿಡಿ ಹಾರಿತು.

ಸ್ಕ್ರೂಡ್ರೈವರ್ ಕೆಳಗಿಟ್ಟ ಮೇಲೂ ಅವರು ಮಣಿಕಟ್ಟು ಬಿಡಲಿಲ್ಲ. ನಡುಗುತ್ತಿರುವುದು ನನ್ನ ಕೈ ಎಂದುಕೊಂಡಿದ್ದೆ. ಅದು ಅವರದು.

"ಈ ಪೆಟ್ಟಿಗೆ ಮುಟ್ಟಿದ್ರೆ ಮೊದಲ್ನಿಂದ್ಲೂ ಹಿಂಗೇ ಕಣಮ್ಮ" ಎಂದರು. "ಅವ್ರು ಹೆದರ್ಕೊಂಡು ಆಟ ಬಿಟ್ಬುಡ್ತಾರೆ ಅಂತ ತೋರಿಸ್ಕೊಳ್ಲಿಲ್ಲ."