ತೂಬಿನ ಮ್ಯಾಲೆ ಕುಂತು ತಿಂದ ಏಟು

ಸಿಂಧನೂರಿನ ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡ್ತಿದ್ದೆ. ಒಂದಿನ ಅಲ್ಲಿನ ಗುಮಾಸ್ತ ನಮ್ಮವ್ವನ್ನ ಹಿಡಿದು ಕೆಟ್ಟ ಮಾತು ಬೈದ. ಒಂದೇ ಏಟು ಕೊಟ್ಟೆ, ದವಡಿ ಮುರೀತು. ಇವತ್ತಿಗೂ ನನಗ ಅದರ ಬ್ಯಾಸರಿಲ್ಲ. ಅವ್ವನ್ನ ಬೈದವನಿಗೆ ಆರತಿ ಎತ್ತಬೇಕಿತ್ತೇನು? ಆದ್ರ ಕೆಲಸ ಹೋತು. ಹೆಂಡ್ತಿ ಲಿಂಗಸುಗೂರಿನ ತವರಿಗೆ ಹೋಗಿ ಕುಂತಳು. ಇನ್ನೊಮ್ಮೆ ಯಾರ ಮೈಮ್ಯಾಲಾದ್ರೂ ಕೈ ಬಿತ್ತಂದ್ರ ನಾ ತಿರುಗಿ ಬರಂಗಿಲ್ಲ ಅಂತ ಹೇಳಿಕಳಿಸಿದ್ಲು.

ಅಂಥಾದ್ರಾಗ ಕಾಲುವಿ ಮ್ಯಾಲೆ ದಿನಗೂಲಿ ಗ್ಯಾಂಗ್‌ಮನ್ ಕೆಲಸ ಸಿಕ್ತು. ಬಳಗಾನೂರಿನ ಕಡೆ ಒಂದು ತೂಬು ಕಾಯಬೇಕು. ನೀರಿನ ಪಾಳಿ ಬಂದಾಗ ಕಬ್ಬಿಣದ ಹ್ಯಾಂಡಲ್ ಸಿಗಿಸಿ ತಿರುವಿ ಗೇಟು ಎತ್ತಬೇಕು, ಪಾಳಿ ಮುಗಿದ ಕೂಡ್ಲೆ ಇಳಿಸಿ ಹ್ಯಾಂಡಲ್ ಬಿಚ್ಚಿ ಇಟಗೋಬೇಕು. ಜಗಳೆಲ್ಲಾ ಇಳಿಸೋದ್ರಾಗ ಐತಿ. ಬ್ಯಾಸಿಗಿ ಭತ್ತಕ್ಕ ನೀರು ಸಾಲದಾಗ ಆ ತೂಬಿನ ರೈತರು ಬಡಿಗಿ ಹಿಡಕೊಂಡು ಬರ್ತಾರ.

ನನಗಿಂತ ಮೊದ್ಲು ಅದೇ ತೂಬು ಕಾದಿದ್ದ ಒಬ್ಬ ಚಾಚಾ ಮಸ್ಕ್ಯಾಗ ಇದ್ದ. ವಯಸ್ಸಾಗಿ ಕೆಲಸ ಬಿಟ್ಟಿದ್ದ. ಕೆಲಸಕ್ಕ ಸೇರೋ ಮುಂಚೆ ಹೋಗಿ ಮಾತಾಡಿಸಿದೆ. ಚಾ ತರಿಸಿದ. ಮಿಲ್ಲು ಯಾಕ ಬಿಟ್ಟಿ, ಸಿಟ್ಟು ಬಂದ್ರ ಏನು ಮಾಡ್ತಿ, ಮನ್ಯಾಗ ಯಾರದಾರ, ಇಂಥಾವ ಕೇಳಿದ. ದವಡಿ ಕತಿ, ಹೆಂಡ್ತಿ ಕತಿ ಎಲ್ಲಾ ಹೇಳಿದೆ. ಗೇಟಿನ ವಿಷಯ ಮಾತ್ರ ತೆಗೀವಲ್ಲ, ಪುಣ್ಯಾತ್ಮ. ಕಡೀಕ ಒಂದೇ ಮಾತು ಹೇಳಿದ.

"ಅವ್ರು ಬಂದಾಗ ಹ್ಯಾಂಡಲ್ ತೊಡಿ ಕೆಳಗ ಇಟಗೊಂಡು ಕುಂತ್ಬಿಡು ಬೇಟಾ. ಏನಾದ್ರೂ ಆಗ್ಲಿ, ಏಳಬ್ಯಾಡ."

ಕುಂತವನಿಗೆ ಯಾರು ಹೊಡೀತಾರ ಅಂತ ನನ್ನಷ್ಟಕ್ಕ ನಾ ತಿಳಕೊಂಡೆ.

ಹೊಡದ್ರು. ಒಂದಿನ ಉರಿಬಿಸಿಲಿನ್ಯಾಗ ಆ ರೈತರು ಬೈಕ್ ಮ್ಯಾಲೆ ಬಂದು ಗೇಟು ಎತ್ತಲೇ ಅಂದ್ರು. ಈಗ ಕಾಲುವಿ ಕೆಳಗಿನವ್ರ ಪಾಳಿ ಐತ್ರಿ ಅಂದು, ಹ್ಯಾಂಡಲ್ ತೊಡಿ ಕೆಳಗ ಇಟಗೊಂಡು ಕುಂತೆ. ಬಡಿಗಿ ಮೊದ್ಲು ಬೆನ್ನಿಗೆ ಬಿತ್ತು, ಆಮ್ಯಾಲೆ ತಲಿಗೆ. ರಕ್ತ ಕಣ್ಣಾಗ ಇಳೀತು. ತೊಡಿ ಕೆಳಗಿನ ಕಬ್ಬಿಣ ಕಾದು ಸುಡತಿತ್ತು, ಬೆರಳು ಅದನ್ನ ಬಿಗಿಯಾಗಿ ಹಿಡದಿದ್ವು. ಎತ್ತಿ ಬೀಸಿದ್ರ ಎದುರಿದ್ದವನ ತಲಿ ತೆಂಗಿನಕಾಯಿ ಒಡದಂಗ ಒಡೀತಿತ್ತು. ಎದ್ದಿದ್ರ ಬೀಸತಿದ್ದೆ, ಖರೇನ ಹೇಳ್ತೀನಿ. ಒಬ್ಬ ಪಕ್ಕಡಿಗೆ ಒದ್ದ. ಒಳಗ ಎಲುಬು ಲಟಕ್ಕಂತು. ಏಳಲಿಲ್ಲ. ಎಲ್ಲಾರೂ ಕೂಡಿ ಜಗ್ಗಿದ್ರೂ ಚೀಲ ಹೊತ್ತ ಮೈ ಅಲುಗಲಿಲ್ಲ. ಉಗುಳಿ, ಬೈದು, ಸಾಕಾಗಿ ಹೋದ್ರು.

ತಲಿಗೆ ಹೊಲಿಗಿ ಹಾಕಿಸಿಕೊಂಡು ಆಸ್ಪತ್ರಿಯಿಂದ ನೆಟ್ಟಗ ಮಸ್ಕಿಗೆ ಹೋದೆ. ಚಾಚಾನ ಮ್ಯಾಲೆ ಮೈಯೆಲ್ಲಾ ಸಿಟ್ಟು. ನಿನ್ನ ಮಾತು ಕೇಳಿ ಸಾಯ್ತಿದ್ದೆ ಅಂತ ಬಾಯಿಗೆ ಬಂದಂಗ ಬೈದೆ. ಎಲ್ಲಾ ಕೇಳಿಸಿಕೊಂಡ.

"ಹೊಡಿಯಂಗಿಲ್ಲ ಅಂತ ನಾ ಯಾವಾಗ ಹೇಳಿದೆ?" ಅಂದ. "ಅವ್ರ ಏಟು ನೀ ತಡಕೊಂತಿ. ನಿನ್ನ ಏಟು ಅವ್ರು ತಡಕೊಳಂಗಿಲ್ಲ."

ಮಿಲ್ಲಿನ್ಯಾಗ ಆಗ್ಲಿ, ಕಾಲುವಿ ಮ್ಯಾಲೆ ಆಗ್ಲಿ, ಹೊಸಬ ಬಂದ್ರ ಎಲ್ಲಾರೂ ಕೆಲಸ ಕಲಿಸಾಕ ನಿಂದರ್ತಾರ. ಚಾಚಾ ಕೆಲಸದ ಮಾತು ಬಿಟ್ಟು ನನ್ನ ಬಗ್ಗೆ ವಿಚಾರ್ಸಿದ್ದ. ಆದ್ರೂ ಸಿಟ್ಟು ಇಳಿಯಲಿಲ್ಲ, ಅವ ಕೊಟ್ಟ ಚಾ ಕುಡೀಲಾರದ ಎದ್ದು ಬಂದೆ.

ಸುದ್ದಿ ಲಿಂಗಸುಗೂರಿಗೆ ಮುಟ್ಟಿತ್ತು. ಮರುದಿನ ಮುಂಜಾನೆ ಹೆಂಡ್ತಿ ಬಂದ್ಲು. ತಲಿಪಟ್ಟಿ ಕಡೆ ನೋಡಲಿಲ್ಲ, ನೋವು ಹೆಂಗೈತಿ ಅಂತ ಕೇಳಲಿಲ್ಲ. ನನ್ನ ಬಲಗೈ ಜಗ್ಗಿಕೊಂಡು ಒಂದೊಂದೇ ಗೆಣ್ಣು ಮುಟ್ಟಿ ನೋಡಿದ್ಲು. ಒಂದೂ ತರಚಿರಲಿಲ್ಲ. ಆಮ್ಯಾಲೆ ಅಳಾಕ ಕುಂತಳು.